ಹನ್ನೆರಡು ತಂತಿ, ಎರಡು ಪೆಟ್ಟಿಗೆ

"ನನ್ನ ಆಂಪ್ ಮುಟ್ಬೇಡಿ."

ಶರ್ವಾಣಿ ಹೇಳಿ ಮುಗಿಸುವಷ್ಟರಲ್ಲಿ ಅವನು ವೈರು ಕಿತ್ತಾಗಿತ್ತು.

ಜಯನಗರದಿಂದ ಜರಗನಹಳ್ಳಿಯವರೆಗೆ ಆ ಭಾರದ ಆಂಪ್ಲಿಫೈಯರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಕಾಲು ಇನ್ನೂ ಜೋಮು ಹಿಡಿದಿತ್ತು. ಈ ಮನುಷ್ಯ, ಹೆಸರು ಶಿವಕಿರಣ್ ಅಂತೆ, ಒಂದು ಮಾತೂ ಕೇಳದೆ ಅವಳ ಗಿಟಾರಿನ ವೈರನ್ನು ನೇರ ತನ್ನ ರೆಕಾರ್ಡಿಂಗ್ ಮಿಕ್ಸರಿಗೆ ಚುಚ್ಚಿದ.

"ಇಲ್ಲಿ ಆಂಪ್ ಬೇಡ ಮೇಡಂ."

"ನಿಮಗೆ ಬೇಡ. ನನಗೆ ಬೇಕು."

"ಅದರ ಮುಂದೆ ಮೈಕ್ ಇಟ್ರೆ ಕನಕಪುರ ರೋಡ್ ಬಸ್ಸಿನ ಹಾರ್ನೂ ಹಾಡಲ್ಲಿ ಬರುತ್ತೆ. ಬಾರಿಸಿ."

ಆಹಾ, ಏನು ಮರ್ಯಾದೆ, ಏನು ಮಾತು!

ಸ್ಟುಡಿಯೋ ಎಂದರೆ ಅವನ ಮನೆಯ ಕೆಳಗಿನ ಒಂದು ಮಳಿಗೆ, ಗೋಡೆಗೆಲ್ಲ ಹಳೆಯ ಹಾಸಿಗೆ. ಮೇಲಿನ ಮಹಡಿಯಲ್ಲಿ ಅವನ ತಾಯಿ ಗೌರಮ್ಮ. ಹೊಲ ಇದ್ದ ಕಾಲದಲ್ಲಿ ಆಕೆ ರಾಗಿ ಬೀಸುತ್ತ ಹಾಡುತ್ತಿದ್ದ ಪದವನ್ನೇ ರೆಕಾರ್ಡ್ ಮಾಡಲು ಶರ್ವಾಣಿಯ ತಂಡ ಬಂದಿತ್ತು. ತಂಡದ ಹಾಡುಗಾರ, ಯಜಮಾನ ಅಂತಲೂ ಅನ್ನಿ, ಚಿರಂತ್.

ಶರ್ವಾಣಿಯ ಗಿಟಾರಿಗೆ ಹನ್ನೆರಡು ತಂತಿ, ಎರಡೆರಡರ ಜೋಡಿ. ದಪ್ಪ ತಂತಿಗಳ ಪಕ್ಕದಲ್ಲಿ ಸಣ್ಣವು. ಮೀಟಿದರೆ ಗೆಜ್ಜೆ ಕಟ್ಟಿದ ಎತ್ತು ತಲೆ ಕೊಡವಿದಂತೆ ಝಲ್ಲೆನ್ನಬೇಕು. ಆ ಸದ್ದಿಗಾಗಿಯೇ ಅವಳು ಮೂರು ವರ್ಷ ಬೆರಳು ಸವೆಸಿದ್ದಳು.

ಹೆಡ್‌ಫೋನಿನಲ್ಲಿ ಬಂದದ್ದು ಮಾತ್ರ ಟಿಕ್ ಟಿಕ್ ಎನ್ನುವ ಒಣ ಸದ್ದು. ಹುಟ್ಟಿದ ಕೂಡಲೇ ಸಾಯುತ್ತಿತ್ತು.

"ಇನ್ನೊಂದ್ಸಲ," ಎಂದಳು, ಗಾಜಿನಾಚೆ ಕೇಳಲೆಂದು ಇಟ್ಟಿದ್ದ ಮೈಕಿನಲ್ಲಿ.

ಹತ್ತೊಂಬತ್ತು ಸಲ ಬಾರಿಸಿದಳು. ಅವನು ಗಾಜಿನಾಚೆ ತಲೆಯೆತ್ತದೆ ಕೂತಿದ್ದ. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ.

ಚಿರಂತ್ ನಕ್ಕ. "ಬಿಡೇ ಶರ್ವಾಣಿ. ಕೀಬೋರ್ಡಲ್ಲಿ ಟ್ವೆಲ್ವ್ ಸ್ಟ್ರಿಂಗ್ ಟೋನ್ ಇದೆ. ಒಂದು ಬಟನ್ ಒತ್ತಿದ್ರೆ ಆಯ್ತು."

ಒಂದು ಬಟನ್ನಾ? ನನ್ನ ಮೂರು ವರ್ಷ ಒಂದು ಬಟನ್ನಾ?

ನಾಲ್ಕನೇ ದಿನ ವಾಟ್ಸ್‌ಆಪ್‌ನಲ್ಲಿ ಹಾಡು ಬಂತು. ಗಿಟಾರ್ ಇರಲಿಲ್ಲ. ಅದರ ಜಾಗದಲ್ಲಿ ಕೀಬೋರ್ಡು ಹಲ್ಲು ಕಿರಿಯುತ್ತಿತ್ತು. ಕೆಳಗೆ ಚಿರಂತ್‌ನ ಸಾಲು: 'ನಿನ್ನ ಗಿಟಾರ್ ಹಾಡಲ್ಲಿ ಕೂರ್ತಿಲ್ಲ ಅಂದ ಶಿವಕಿರಣ್. ಶುಕ್ರವಾರ ಇದನ್ನೇ ರಿಲೀಸ್ ಮಾಡೋಣ. ಬೇಜಾರ್ ಮಾಡ್ಕೋಬೇಡ.'

ಬೇಜಾರಲ್ಲ, ಅವಳಿಗೆ ಮೈಯೆಲ್ಲ ಉರಿಯಿತು. ದಿಂಬು ತಬ್ಬಿಕೊಂಡು ಅಳುವ ಹುಡುಗಿ ಬೇಕಿದ್ದರೆ ನೀವು ಬೇರೆ ಕಥೆ ಓದಿಕೊಳ್ಳಿ. ಇವಳು ಗಿಟಾರ್ ಹೆಗಲಿಗೇರಿಸಿ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬಸ್ಸು ಹತ್ತಿ ಜರಗನಹಳ್ಳಿಯಲ್ಲಿ ಇಳಿದಳು.

"ನನ್ನ ಗಿಟಾರ್ ಕೂರ್ತಿಲ್ಲ ಅಂದ್ರಂತೆ," ಸ್ಟುಡಿಯೋ ಬಾಗಿಲಲ್ಲೇ ನಿಂತು ಕೇಳಿದಳು. "ನನ್ನ ಮುಖ ನೋಡಿ ಹೇಳಿ."

ಶಿವಕಿರಣ್ ಮುಖ ನೋಡಿಯೇ ಹೇಳಿದ. "ಇನ್ನೂ ಕೂತಿಲ್ಲ, ನಾಲ್ಕು ದಿನ ಕೊಡಿ ಅಂದೆ. ಅವರು ಕೊಡಲಿಲ್ಲ. ಕೀಬೋರ್ಡ್ ಹಾಕಿಸ್ಕೊಂಡು ಹೋದ್ರು. ಅದಕ್ಕೆ ನನ್ನ ಹೆಸರು ಹಾಕ್ಬೇಡಿ ಅಂದಿದೀನಿ."

ಬಸ್ಸಿನಲ್ಲಿ ಕೂಡಿಟ್ಟುಕೊಂಡು ಬಂದಿದ್ದ ಬೈಗುಳವೆಲ್ಲ ಅವಳ ಬಾಯಲ್ಲೇ ಉಳಿಯಿತು. "ನಾಲ್ಕು ದಿನ ಯಾಕೆ?"

ಅವನು ಮೇಜಿನ ಮೇಲಿನ ಎರಡು ಕಬ್ಬಿಣದ ಪೆಟ್ಟಿಗೆ ತೋರಿಸಿದ. "ಕಂಪ್ರೆಸರ್. ತಂತಿ ಮೀಟಿದಾಗ ಮೊದಲ ಪೆಟ್ಟು ಜೋರು, ಆಮೇಲಿನ ಗುಂಗು ಸಣ್ಣದು. ಇದು ಪೆಟ್ಟನ್ನ ತಗ್ಗಿಸಿ ಗುಂಗನ್ನ ಮೇಲೆತ್ತುತ್ತೆ. ಆದ್ರೆ ನಿಮ್ಮ ಗಿಟಾರಿಗೆ ಒಂದು ಸಾಲಲ್ಲ. ಅರವತ್ತರ ದಶಕದಲ್ಲಿ ಹೊರದೇಶದ ಒಂದು ಬ್ಯಾಂಡು, ಅವರೂ ಜಾನಪದ ತಗೊಂಡು ರಾಕ್ ಮಾಡ್ತಿದ್ದೋರು, ಹನ್ನೆರಡು ತಂತಿನ ನೇರ ಮಿಕ್ಸರಿಗೆ ಕೊಟ್ಟು ಒಂದರ ಹಿಂದೆ ಒಂದು ಎರಡು ಕಂಪ್ರೆಸರ್ ಹಾಕಿದ್ರು. ನನ್ನ ಎರಡನೇದು ರಿಪೇರಿಗೆ ಹೋಗಿತ್ತು. ಇವತ್ತು ಬೆಳಿಗ್ಗೆ ಬಂತು."

"ಅವತ್ತೇ ಹೇಳೋಕೇನಾಗಿತ್ತು?"

"ನೀವು ಆಂಪ್ ಹೊತ್ಕೊಂಡು ಬಂದು ಗುರಾಯಿಸಿದ್ರಲ್ಲ. ಮಾತು ಮರ್ತೋಯ್ತು."

ಈ ಸಲ ವೈರನ್ನು ಅವಳೇ ಮಿಕ್ಸರಿಗೆ ಚುಚ್ಚಿದಳು.

ಮೊದಲ ಮೀಟಿಗೇ ಕೋಣೆ ತುಂಬಿತು. ಸದ್ದು ಸಾಯಲಿಲ್ಲ. ಒಂದು ಸ್ವರ ಇಳಿಯುವ ಮುನ್ನ ಇನ್ನೊಂದು ಬಂದು ಅದರ ಕೈ ಹಿಡಿಯಿತು. ಸಣ್ಣ ತಂತಿಗಳು ಝಲ್ಲೆಂದವು. ಇದೇ... ಮೂರು ವರ್ಷ ನನ್ನ ಕಿವಿಯೊಳಗಷ್ಟೇ ಇದ್ದದ್ದು ಇದೇ. ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಬಾಗಿಲಲ್ಲಿ ಗೌರಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು. "ಬೀಸೋಕಲ್ಲೂ ಹಿಂಗೇ ಕಣವ್ವ. ಕಲ್ಲು ನಿಂತ್ರೂ ಗುಂಗು ಕಿವೀಲಿ ತಿರುಗ್ತಾನೇ ಇರ್ತದೆ."

ಶರ್ವಾಣಿ ಅಲ್ಲಿಂದಲೇ ಚಿರಂತ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ಕೀಬೋರ್ಡ್ ತೆಗೀತಿದೀವಿ. ನನ್ನ ಗಿಟಾರ್ ಬರುತ್ತೆ."

"ತಂಡ ನಂದು ಶರ್ವಾಣಿ. ಇಷ್ಟ ಇಲ್ದಿದ್ರೆ ಬಿಟ್ಟು ಹೋಗು."

"ಹೋಗಲ್ಲ. ಬಾರಿಸ್ತೀನಿ."

ಗೌರಮ್ಮ ಫೋನಿನ ಕಡೆ ಬಾಗಿದರು. "ನೋಡಪ್ಪ, ತಂಡ ನಿಂದಿರಬೌದು. ಪದ ನಂದು, ನಮ್ಮತ್ತೆ ಕೊಟ್ಟಿದ್ದು. ಈ ಹುಡುಗಿ ಬಾರಿಸಿದ್ರೆ ಹಾಡು. ಇಲ್ದಿದ್ರೆ ಬೇರೆ ಪದ ಹುಡುಕ್ಕೊ."

ಚಿರಂತ್ ಗೊಣಗುತ್ತ, "ಶುಕ್ರವಾರದೊಳಗೆ ಕೊಡಿ," ಎಂದು ಫೋನ್ ಇಟ್ಟುಬಿಟ್ಟ.

ಗೌರಮ್ಮ ಮಗನ ಮುಖವನ್ನೊಮ್ಮೆ ನೋಡಿದರು. ಏನು ಕಂಡಿತೋ, ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟು ಮಹಡಿ ಹತ್ತಿದರು.

ಕಂಪ್ಯೂಟರಿನಲ್ಲಿ ಮೊನ್ನೆಯ ಹತ್ತೊಂಬತ್ತು ಟೇಕುಗಳೂ ಸಾಲಾಗಿ ಕಾಣುತ್ತಿದ್ದವು.

"ಇವನ್ನೆಲ್ಲ ಅಳಿಸಿಬಿಡಿ," ಎಂದಳು.

"ಆಗಲ್ಲ."

"ಯಾಕೆ?"

"ಪ್ರತಿ ಟೇಕ್ ಮುಗಿದ ಮೇಲೆ ನೀವು 'ಇನ್ನೊಂದ್ಸಲ' ಅಂದಿದೀರಿ. ಮಾತಾಡೋ ಮೈಕಲ್ಲಿ ರೆಕಾರ್ಡಾಗಿದೆ. ಸೋತೋರ ಥರ ಅಲ್ಲ, ಜಗಳಕ್ಕೆ ನಿಂತೋರ ಥರ." ಅವನು ಕಾಫಿ ಲೋಟ ನೋಡುತ್ತ ಹೇಳಿದ. "ನಾಲ್ಕು ದಿನದಿಂದ ಅದನ್ನೇ ಕೇಳ್ತಿದೀನಿ."

ಅವಳು ಬಿಡಲಿಲ್ಲ. "ಅಂದ್ರೆ?"

"ನೀವಂದ್ರೆ ನಂಗಿಷ್ಟ."

ಎರಡು ಕಂಪ್ರೆಸರ್ ಹಾಕಿದರೂ ಮೇಲೇಳದಷ್ಟು ಸಣ್ಣ ದನಿ. ಶರ್ವಾಣಿ ಆ ಮೈಕನ್ನೇ ತಂದು ಅವನ ಬಾಯಿಯ ಮುಂದೆ ಇಟ್ಟಳು. "ಕೇಳಿಸ್ಲಿಲ್ಲ."

"ನೀವಂದ್ರೆ ನಂಗಿಷ್ಟ, ಶರ್ವಾಣಿ."

"ನಂಗೂ. ಆದ್ರೆ ಇನ್ಮೇಲೆ ನನ್ನ ವೈರು ಕೀಳೋ ಮೊದಲು ಕೇಳ್ಬೇಕು."

"ಕೇಳ್ತೀನಿ."

"ಸರಿ. ಆ 'ನೀವು' ತೆಗೆದು, ಇನ್ನೊಂದ್ಸಲ ಹೇಳು."