ಥರ್ಮಾಮೀಟರ್ ಯಾರ ಕೈಯಲ್ಲಿ?

"ಆಚೆ ತೆಗೀಬೇಡ ಕಣೇ, ಇಳಿದುಹೋಗುತ್ತೆ," ಅಂದ ಸೋಡಾಬುಡ್ಡಿ.

ದಪ್ಪ ಕನ್ನಡಕದಿಂದಾಗಿ ಅವನಿಗೆ ಆ ಹೆಸರು. ಅವನ ಜೊತೆಗಾತಿಯನ್ನು ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು, ಅವಳ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ವಿಜ್ಞಾನದ ಪೀರಿಯಡ್ಡಿನಲ್ಲಿ ಇಬ್ಬರದೂ ಒಂದೇ ಮೇಜು. ಮೇಜಿನ ಮೇಲೆ ತಣ್ಣೀರಿನ ಬೋಗುಣಿ, ಅದರ ನಡುವೆ ಬಿಸಿನೀರಿನ ಸ್ಟೀಲ್ ಲೋಟ. ಲೋಟದ ಬಿಸಿ ಬೋಗುಣಿಗೆ ಹೇಗೆ ಹೋಗುತ್ತದೆ ಅಂತ ಆಗಾಗ ಅಳೆದು, ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಎಳೆಯಬೇಕು.

ಒಳ್ಳೆಯ ಗ್ರಾಫ್ ಮಾಡಿದವರು ಶನಿವಾರ ಅಪ್ಪ ಅಮ್ಮಂದಿರ ಮುಂದೆ ಇದನ್ನು ಮಾಡಿ ತೋರಿಸಬೇಕು ಎಂದು ಟೀಚರ್ ಹೇಳಿದ್ದರು. ನರ್ಸಮ್ಮನ ಅಮ್ಮ ಆಗಲೇ ಶನಿವಾರದ ಡ್ಯೂಟಿ ಬದಲಾಯಿಸಿಕೊಂಡಾಗಿತ್ತು. ಮಗಳೇ ಮಾಡಿ ತೋರಿಸುವುದು ಅಂತ ಮನೆಯಲ್ಲಿ ಹೇಳಿದವಳೂ ಮಗಳೇ.

"ಥರ್ಮಾಮೀಟರ್ ಹಿಡಿಯೋದು ನಂಗೆ ಹೇಳಿಕೊಡ್ಬೇಡ. ನೀನು ಕನ್ನಡಕ ಒರೆಸ್ಕೊಂಡು ಗ್ರಾಫ್ ಬರಿ," ಅಂದಳು ನರ್ಸಮ್ಮ.

ಅಮ್ಮನನ್ನು ನೋಡಿ ಕಲಿತ ವಿದ್ಯೆ ಅದು. ಥರ್ಮಾಮೀಟರನ್ನು ಲೋಟದಿಂದ ತೆಗೆದಳು. ಕರವಸ್ತ್ರದಲ್ಲಿ ಒರೆಸಿದಳು. ಕಿಟಕಿಯವರೆಗೆ ನಡೆದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಓದಿದಳು. ಕಾಯಿಲೆಯವರಿಗೆ ಗಾಬರಿಯಾಗದ ಹಾಗೆ ಮುಖ ಗಂಭೀರ ಮಾಡಿಕೊಂಡು ಬಂದು ಅಂಕಿ ಹೇಳಿದಳು. ಲೋಟಕ್ಕೆ ಗಾಬರಿಯೇನೂ ಆದಂತಿರಲಿಲ್ಲ.

ಸೋಡಾಬುಡ್ಡಿ ಇನ್ನೆರಡು ಸಲ ಹೇಳಿ ನೋಡಿದ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಅವಳು ಹೇಳಿದಲ್ಲಿ ಸುಮ್ಮನೆ ಚುಕ್ಕಿ ಇಡುತ್ತಾ ಹೋದ.

ಬೇರೆ ಮೇಜುಗಳ ಗ್ರಾಫಿನಲ್ಲಿ ಒಂದು ಗೆರೆ ಮೇಲಿನಿಂದ ಇಳಿದು, ಇನ್ನೊಂದು ಕೆಳಗಿನಿಂದ ಹತ್ತಿ, ಒಂದಕ್ಕೊಂದು ಹತ್ತಿರ ಬರುತ್ತಿದ್ದವು. ಇವರ ಗ್ರಾಫಿನ ಪ್ರಕಾರ ಬಿಸಿನೀರೂ ತಣ್ಣೀರೂ ಮೊದಲಿನಿಂದಲೇ ಹೆಚ್ಚುಕಮ್ಮಿ ಒಂದೇ. ಲೋಟದಿಂದ ಮಾತ್ರ ಇನ್ನೂ ಹಬೆ ಏಳುತ್ತಿತ್ತು.

ಟೀಚರ್ ಬಂದು ಹಾಳೆ ನೋಡಿದರು. ಲೋಟ ಮುಟ್ಟಿದರು. ಬೆರಳು ಹಿಂದಕ್ಕೆಳೆದುಕೊಂಡು, ಓದಿದ್ದು ಯಾರು ಎಂದು ಕೇಳಿದರು.

ನರ್ಸಮ್ಮ ತನ್ನ ಶೂ ನೋಡಿಕೊಂಡಳು.

"ಇಬ್ಬರೂ ಓದಿದ್ವಿ ಮಿಸ್," ಅಂದ ಸೋಡಾಬುಡ್ಡಿ. ಅವನು ಥರ್ಮಾಮೀಟರನ್ನು ಮುಟ್ಟಿಯೇ ಇರಲಿಲ್ಲ.

ನರ್ಸಮ್ಮನ ಕಿವಿ ಬಿಸಿಯಾಯಿತು. ಅದನ್ನು ತಿಳಿಯಲು ಥರ್ಮಾಮೀಟರ್ ಬೇಕಾಗಲಿಲ್ಲ.

"ಇಲ್ಲ ಮಿಸ್, ನಾನೊಬ್ಳೇ. ಇವನು ಆಚೆ ತೆಗೀಬೇಡ ಅಂತಾನೇ ಇದ್ದ. ನಮ್ಮಮ್ಮ ಜ್ವರ ನೋಡುವಾಗ ಆಚೆ ತೆಗೆದೇ ಓದೋದು."

ಟೀಚರ್ ನಗಲಿಲ್ಲ, ಬೈಯಲೂ ಇಲ್ಲ. ಜ್ವರದ ಥರ್ಮಾಮೀಟರಿನ ಕತ್ತಿನಲ್ಲಿ ಒಂದು ಸಣ್ಣ ತಡೆ ಇರುತ್ತದೆ, ಬಾಯಿಂದ ತೆಗೆದರೂ ಒಳಗಿನ ಪಾದರಸದ ಗೆರೆ ಇಳಿಯುವುದಿಲ್ಲ. ಇದಕ್ಕೆ ಆ ತಡೆ ಇಲ್ಲ, ನೀರಿನಲ್ಲಿದ್ದಾಗಲೇ ಓದಬೇಕು ಎಂದರು. ಶನಿವಾರಕ್ಕೆ ಬಾಗಿಲ ಪಕ್ಕದ ಮೇಜಿನವರನ್ನು ಆರಿಸಿದ್ದಾಗಿದೆ ಎಂದೂ ಹೇಳಿದರು. ಬೆಲ್ ಹೊಡೆಯಲು ಇನ್ನೂ ಹೊತ್ತಿತ್ತು. ಬೇಕಿದ್ದರೆ ಇನ್ನೊಮ್ಮೆ ಮಾಡಿ ಎಂದು ಲೋಟಕ್ಕೆ ಹೊಸದಾಗಿ ಬಿಸಿನೀರು ಸುರಿದು ಹೋದರು.

ಶನಿವಾರ ಅಮ್ಮ ಬರುತ್ತಾಳೆ. ಬಂದು ಬೇರೆಯವರ ಲೋಟ ನೋಡುತ್ತಾಳೆ. ಇವತ್ತೇ ಮನೆಯಲ್ಲಿ ಹೇಳಬೇಕು.

ನರ್ಸಮ್ಮ ಥರ್ಮಾಮೀಟರನ್ನು ಪಕ್ಕಕ್ಕೆ ಚಾಚಿದಳು. "ಈ ಸಲ ನೀನು ಓದು. ಚುಕ್ಕಿ ನಾನಿಡ್ತೀನಿ."

ಸೋಡಾಬುಡ್ಡಿ ಅದನ್ನು ಲೋಟದೊಳಗೆ ಇಳಿಸಿ ಬಗ್ಗಿದ. ಹಬೆ ಭುಸ್ಸೆಂದು ಮುಖಕ್ಕೆ ಬಂತು. ಕನ್ನಡಕ ಎರಡೂ ಕಡೆ ಬೆಳ್ಳಗಾಯಿತು.

"ಏನೂ ಕಾಣ್ತಿಲ್ಲ ಕಣೇ."

"ಅಲ್ಲಾಡ್ಬೇಡ, ಹಾಗೇ ಹಿಡ್ಕೋ."

ಅವಳು ಅವನ ಕನ್ನಡಕ ತೆಗೆದು, ಅದೇ ಕರವಸ್ತ್ರದಲ್ಲಿ ನಿಧಾನವಾಗಿ ಒರೆಸಿ, ಮತ್ತೆ ಅವನ ಮೂಗಿನ ಮೇಲೆ ಕೂರಿಸಿದಳು. ಥರ್ಮಾಮೀಟರ್ ನೀರಿನಲ್ಲೇ ಇತ್ತು.