ಸಿಯಾವ್ ಘಾಟಿಯ ಏಳು ಗಂಟು

“ಮಗಾ, ಎಲ್ಲಿ ಬೇಕಾದ್ರೂ ಅಗಿ. ಘಾಟಿ ಮೇಲಿನ ಆ ಕಲ್ಲುಗುಪ್ಪೆ ಮಾತ್ರ ಮುಟ್ಟಬೇಡ,” ಅಂದಳು ಶರ್ಮೀನ್ ಅಜ್ಜಿ.

ಇರಜ್ ಮಜ್ಜಿಗೆಯ ಬಟ್ಟಲು ಕೆಳಗಿಟ್ಟು ಮೀಸೆ ಒರೆಸಿಕೊಂಡ. ಅವನು ತೆಹ್ರಾನಿನಿಂದ ಬಂದ ಸರ್ವೇ ಅಧಿಕಾರಿ. ಹೌರಾಮಾನಿನ ಬೆಟ್ಟಸಾಲಿನುದ್ದಕ್ಕೂ ಇರಾನ್, ಇರಾಕುಗಳ ನಡುವೆ ಗಡಿಕಂಬ ನೆಡುವುದು ಅವನ ಕೆಲಸ. ಈ ಸಾಲನ್ನು ತುರ್ಕಿಯ ಸುಲ್ತಾನರು ತಮ್ಮದೆಂದಿದ್ದರು, ಇರಾನಿನ ಶಾಹರು ತಮ್ಮದೆಂದಿದ್ದರು. ತಲೆಮಾರಿಗೊಮ್ಮೆ ಯಾರೋ ಬಂದು ಗೆರೆ ಎಳೆದು ಹೋಗುತ್ತಿದ್ದರು. ಈ ಸಲದ್ದು ಸಿಮೆಂಟಿನ ಗೆರೆ.

“ಯಾಕಜ್ಜಿ, ಅದರಡಿ ನಿಧಿ ಹೂತಿಟ್ಟಿದ್ದೀಯಾ?”

“ಹೂತಿಟ್ಟಿದ್ದೀನಿ. ನಿಧಿಯನ್ನಲ್ಲ.” ಓಕ್ ಸೌದೆಯ ಹೊಗೆಯಲ್ಲಿ ಅವಳ ಕಣ್ಣು ಕೆಂಡದಂತಿದ್ದವು. “ನನ್ನ ಗಂಡ ಸುಲೇಮಾನ್ ಕುರಿ ಹೊಡ್ಕೊಂಡು ಆಚೆ ಹುಲ್ಲುಗಾವಲಿಗೆ ಹೋಗಿದ್ದ. ಅದೇ ವಾರ ಗೆರೆ ಎಳೆದ್ರು. ವಾಪಸ್ ಬರುವಾಗ ಕಾವಲು ಸಿಪಾಯಿಗಳು ಗುಂಡು ಹೊಡೆದ್ರು. ಮೂರು ದಿನ ಹೆಣ ಆಚೆ ಬಿದ್ದಿತ್ತು, ಮಗಾ. ನಾನು ಈಚೆ ನಿಂತು ಹದ್ದುಗಳಿಗೆ ಕಲ್ಲು ಹೊಡೀತಿದ್ದೆ. ದಾಟೋಕೆ ಬಿಡಲಿಲ್ಲ. ಗೆರೆ ಎಳೆದೋರು ಅಷ್ಟರಲ್ಲಿ ಹೊರಟುಹೋಗಿದ್ರು. ಮುಂದೆ ಬರೋನಿಗೆ ಅಂತ ಹಗ್ಗಕ್ಕೆ ಏಳು ಗಂಟು ಹಾಕಿ, ಶಾಪ ಊದಿ, ಅಲ್ಲೇ ಹೂತೆ. ಇಲ್ಲಿ ಗೆರೆ ಎಳೆದೋನಿಗೆ ಅವನ ಮನೆಯ ದಿಕ್ಕೇ ಕುರುಡಾಗಲಿ ಅಂದೆ.”

“ನಾನು ಕಂಪಾಸ್ ತಂದಿದ್ದೀನಿ, ಬಿಡು,” ಎಂದು ಇರಜ್ ನಕ್ಕ.

ಅಜ್ಜಿ ನಗಲಿಲ್ಲ. ದಾರಿ ತೋರಿಸಲು ಹೊರಟಿದ್ದ ತನ್ನ ತಮ್ಮನ ಮಗ ರೆಬ್ವಾರನ ತೋಳು ಹಿಡಿದು, “ನೀನಾದ್ರೂ ಹೋಗಬೇಡ,” ಅಂದಳು. ರೆಬ್ವಾರ್ ತಲೆ ತಗ್ಗಿಸಿದ. “ಕೂಲಿ ಒಪ್ಪಿದ್ದೀನತ್ತೆ,” ಅಂದ.

ಘಾಟಿ ಹತ್ತುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕೊರಕಲುಗಳಲ್ಲಿ ಹಳೆಯ ಹಿಮ ಕರಗಿ ಗುಳುಗುಳು ಸದ್ದು. ಕಲ್ಲುಗುಪ್ಪೆ ಕಂಡದ್ದೇ ತಡ, ಕಂಬ ಹೊತ್ತ ಹೇಸರಗತ್ತೆಗಳು ಕಾಲೂರಿ ನಿಂತವು. ಅವುಗಳ ಜೊತೆ ಬಂದಿದ್ದ ಕೂಲಿಗಳಿಬ್ಬರೂ ಹೊರೆ ಇಳಿಸಿ, ಮಾತೂ ಆಡದೆ ಕೆಳಗೋಡಿದರು.

ಇರಜ್ ತಾನೇ ಕಲ್ಲು ಕಿತ್ತ. ಕೊನೆಯ ಚಪ್ಪಡಿ ಎತ್ತಿದಾಗ ಗುಂಡಿಯೊಳಗಿಂದ ಸುಟ್ಟ ಕೂದಲಿನ ಕಮಟು ಭಗ್ಗನೆ ಮುಖಕ್ಕೆ ಬಡಿಯಿತು. ಕರಿಯ ಆಡುಗೂದಲ ಹಗ್ಗ. ಎಷ್ಟು ವರ್ಷ ಮಣ್ಣಿನಲ್ಲಿದ್ದರೂ ಒಂದು ಎಳೆಯೂ ಕೊಳೆತಿರಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು.

“ಅಲ್ಲೇ ಬಿಡಿ ಸಾಹೇಬ್ರೇ, ನಿಮ್ಮ ದಮ್ಮಯ್ಯ!” ಎಂದ ರೆಬ್ವಾರ್.

“ಇದೇನಾ ನಿಮ್ಮತ್ತೆ ಕಾವಲಿಗಿಟ್ಟ ಸೈನ್ಯ?” ಇರಜ್ ಒಂದು ಗಂಟಿಗೆ ಉಗುರು ಹಾಕಿದ. ಅದೊಂದು ಸಡಿಲವಾಯಿತು. ಉಳಿದ ಆರೂ ಅವನ ಅಂಗೈಯಲ್ಲಿ ತಾವಾಗಿಯೇ ಬಿಚ್ಚಿಕೊಂಡವು, ಹಾವು ಮೈ ಮುರಿದಂತೆ. ಆದರೂ ಇರಜ್ ನಕ್ಕು, ಹಗ್ಗವನ್ನು ಪ್ರಪಾತಕ್ಕೆ ಎಸೆದ.

ಇಬ್ಬರೂ ಸೇರಿ ಕಂಬ ನಿಲ್ಲಿಸಿ ಸಿಮೆಂಟು ತುಂಬಿದರು. ನೇರವಾಗಿದೆಯೋ ಎಂದು ನೋಡಲು ಇರಜ್ ಗೆರೆ ದಾಟಿ, ಇರಾಕಿನ ಕಡೆಗೆ ಹತ್ತು ಹೆಜ್ಜೆ ಹೋಗಿ ತಿರುಗಿದ.

ಕಂಬದ ಆಚೆ ಏನೂ ಇರಲಿಲ್ಲ.

ಬರೀ ಮಂಜು. ಗೋಡೆಯಂಥ ಬಿಳಿ ಮಂಜು. ಹಳ್ಳಿಯಿಲ್ಲ, ಕಣಿವೆಯಿಲ್ಲ, ರೆಬ್ವಾರನಿಲ್ಲ.

“ರೆಬ್ವಾರ್! ಈ ಮಂಜು ಯಾವಾಗ ಇಳೀತು?”

“ಯಾವ ಮಂಜು ಸಾಹೇಬ್ರೇ?” ದನಿ ತೀರಾ ಹತ್ತಿರದಿಂದ ಬಂತು. “ಬಿಸಿಲು ಸುಡ್ತಾ ಇದೆ. ನಿಮ್ಮೆದುರಿಗೇ ನಿಂತಿದ್ದೀನಲ್ಲ.”

ಇರಜ್ ಮಂಜಿನೊಳಗೆ ನುಗ್ಗಿದ. ಮೂಗಿಗೆ ಅದೇ ಸುಟ್ಟ ಕೂದಲ ವಾಸನೆ. ನೇರ ನಡೆದ. ಇಪ್ಪತ್ತು ಹೆಜ್ಜೆ. ಮಂಜು ಹರಿಯಿತು. ಎದುರಿಗೆ ಕಂಬ. ಅವನು ಮತ್ತೆ ಇರಾಕಿನ ಕಡೆಯೇ ನಿಂತಿದ್ದ. ಕಂಪಾಸ್ ತೆಗೆದ. ಮುಳ್ಳು ಬುಗುರಿಯಂತೆ ಸುತ್ತುತ್ತಿತ್ತು. ಓಡಿದ. ಮತ್ತೆ ಕಂಬ. ತೆವಳಿದ. ಮತ್ತೆ ಕಂಬ.

“ಹೆದರಬೇಡಿ, ಬಂದೆ,” ಅಂದ ರೆಬ್ವಾರ್. ಮಂಜಿನಿಂದ ಒರಟಾದ ಕೈಯೊಂದು ಚಾಚಿತು. ಇರಜ್ ಅದನ್ನು ಗಬಕ್ಕನೆ ಹಿಡಿದ. ಕೈ ಅವನನ್ನು ಎಳೆದುಕೊಂಡು ಹೊರಟಿತು. ಒಂದು ಹೆಜ್ಜೆ. ಎರಡು. ಮೂರು.

ಎಳೆತ ತಟ್ಟನೆ ನಿಂತಿತು.

“ಸಾಹೇಬ್ರೇ... ನನಗೂ ಏನೂ ಕಾಣಿಸ್ತಿಲ್ಲ.”

“ನಿಲ್ಲು! ಅಲ್ಲಾಡಬೇಡ!”

ಕಲ್ಲು ಜಾರಿತು. ಬೆರಳುಗಳು ಬೆವರಿನಲ್ಲಿ ನುಣುಚಿದವು. ಕೂಗು. ಉದ್ದನೆಯ ಕೂಗು. ಎಲ್ಲೋ ಆಳದಲ್ಲಿ ಏನೋ ಬಡಿದ ಸದ್ದು.

ಆಮೇಲೆ ಹಿಮ ಕರಗುವ ಗುಳುಗುಳು ಮಾತ್ರ.

ಸಂಜೆ ಇರಾಕಿನ ಕಡೆಯ ಕುರುಬರು ಇರಜನನ್ನು ತಮ್ಮ ಹಟ್ಟಿಗೆ ಕರೆದೊಯ್ದರು. ಮರುದಿನ ಬೆಳಗ್ಗೆ ಅವನು ಕಂಬದ ಬಳಿ ಬಂದಾಗ ಮಂಜಿನ ಆಚೆ ಶರ್ಮೀನಳ ದನಿಯಿತ್ತು. ಅತ್ತು ಅತ್ತು ಒಡೆದ ದನಿ.

“ನನ್ನ ರೆಬ್ವಾರನ್ನ ಬಂಡೆಗಳ ಮೇಲಿಂದ ಆರಿಸಿಕೊಂಡು ಬಂದ್ವಿ.”

“ಅಜ್ಜಿ, ಕಾಲಿಗೆ ಬೀಳ್ತೀನಿ. ಇದನ್ನ ತೆಗೆ.”

“ಕಟ್ಟೋದೊಂದೇ ಕಲಿತಿದ್ದೆ ಕಣೋ. ತೆಗೆಯೋಕೆ ಬರೋ ಹಾಗಿದ್ರೆ ನನ್ನ ಮಗೂನ ಉಳಿಸಿಕೊಳ್ತಿರಲಿಲ್ವಾ? ಇನ್ಯಾರ ಕೈಯನ್ನೂ ಹಿಡೀಬೇಡ. ನಿನ್ನ ಹಿಡಿದವರಿಗೂ ಅದೇ ಗತಿ.”

ಇರಜ್ ಗಡಿಯುದ್ದಕ್ಕೂ ಅಲೆದ. ತಾನೇ ನೆಟ್ಟಿದ್ದ ಪ್ರತಿ ಕಂಬದ ಆಚೆಯೂ ಅದೇ ಬಿಳುಪು. ಬಸ್ರಾದಲ್ಲಿ ನದಿ ದಾಟಿ ಇರಾನಿಗೆ ಹೋಗಲು ದೋಣಿ ಹತ್ತಿದರೆ ಅಂಬಿಗ ದಾರಿ ತಪ್ಪಿ ಬೈಯುತ್ತಾ ಅವನನ್ನು ಅದೇ ದಡಕ್ಕೆ ಇಳಿಸಿದ. ಕೊನೆಗೆ ಕುರುಬರ ಹಟ್ಟಿಗೇ ಮರಳಿ, ಅವರ ಕುರಿ ಕಾಯತೊಡಗಿದ.

ಮರದಿಂದ ಅಕ್ರೋಟು ಬಡಿದು ಉದುರಿಸುವ ಕಾಲಕ್ಕೆ ತೆಹ್ರಾನಿನಿಂದ ಅವನ ಹೆಂಡತಿ ಮಹ್‌ಲಗಾ ಅವನನ್ನು ಹುಡುಕಿಕೊಂಡು ಹೇಸರಗತ್ತೆಯೇರಿ ಘಾಟಿಗೆ ಬಂದಳು.

“ಇರಜ್! ದೇವರೇ, ಎಷ್ಟು ಸೊರಗಿದ್ದೀರಿ! ಬನ್ನಿ ಈಚೆಗೆ.”

ಅವನು ದನಿ ಬಂದ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಬಿಳುಪು.

“ಯಾಕೆ ಹೀಗೆ ನೋಡ್ತಿದ್ದೀರಿ? ನಾನು ಕಾಣಿಸ್ತಿಲ್ವಾ? ಸರಿ, ನಾನೇ ಬರ್ತೀನಿ. ಕೈ ಕೊಡಿ.”

ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಸದ್ದು. ಗುಲಾಬಿ ಅತ್ತರಿನ ಪರಿಮಳ ಹತ್ತಿರವಾಯಿತು. ಅವನ ಬಲಗೈ ತಾನಾಗಿಯೇ ಮೇಲೆದ್ದಿತು. ಎಡಗೈಯಿಂದ ಅದನ್ನು ಹಿಡಿದು ಕೆಳಗೆಳೆದುಕೊಂಡ.

“ಅಲ್ಲೇ ನಿಲ್ಲು!” ಎಂದು ಗದರಿದ. “ಯಾಕೆ ಬಂದೆ? ನಾನಿಲ್ಲಿ ಇನ್ನೊಂದು ಮದುವೆ ಆಗಿದ್ದೀನಿ. ಹೋಗು.”

ಹೆಜ್ಜೆ ಸದ್ದು ನಿಂತಿತು.

“ನನ್ನ ಮುಖ ನೋಡಿ ಹೇಳಿ,” ಅಂದಳು.

ಮುಖ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬೆನ್ನು ತಿರುಗಿಸಿ ನಿಂತ. ಹೇಸರಗತ್ತೆಯ ಗೊರಸಿನ ಸದ್ದು ಇಳಿಜಾರಿನಲ್ಲಿ ಪೂರ್ತಿ ಕರಗುವ ತನಕ, ತನ್ನ ಅಳು ಅವಳಿಗೆ ಕೇಳಿಸಬಾರದೆಂದು, ತನ್ನ ತೋಳನ್ನೇ ಕಚ್ಚಿ ಹಿಡಿದಿದ್ದ.