ನೆಗ್ಗಿದ ಮಡ್‌ಗಾರ್ಡು

ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹಲ್ಲಿನ ಡಾಕ್ಟರು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಕಾರುಗಳನ್ನ ಯಾರೋ ಜಜ್ಜಿಹಾಕಿದಾರೆ. ಹತ್ತೊಂಬತ್ತು ಕಾರು. ಇಪ್ಪತ್ತನೇದು ಕಾಣ್ತಾನೇ ಇಲ್ಲ."

ದೂರು ಬರೆದುಕೊಳ್ಳುತ್ತಿದ್ದ ದಫೇದಾರನ ಪೆನ್ನು ನಿಂತಿತು. "ಇಪ್ಪತ್ತು ಕಾರಾ ಸಾರ್? ಎಲ್ಲಿ ನಿಲ್ಲಿಸಿದ್ರಿ?"

"ಮೇಜಿನ ಮೇಲೆ."

ಹಳೆಯ ಕಾಲದ ಕಾರುಗಳ ಪುಟ್ಟ ಮಾದರಿಗಳು, ಒಂದೊಂದೂ ಗೇಣುದ್ದ. ಡಾಕ್ಟರು ಹದಿನಾಲ್ಕು ವರ್ಷದಿಂದ ಕಟ್ಟಿದವಂತೆ. ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ನಡೆದ ಪ್ರದರ್ಶನದಲ್ಲಿ ಭಾನುವಾರ ಸಂಜೆಯಷ್ಟೇ ಮೊದಲ ಬಹುಮಾನ ಪಡೆದವು. ಇನ್ಸ್‌ಪೆಕ್ಟರ್ ದೂರನ್ನು ಓದಿ ಪಕ್ಕಕ್ಕಿಟ್ಟ. ಅವನ ಮುಂದೆ ಬೇರೊಂದು ಕಡತ ತೆರೆದಿತ್ತು. ಬೀದಿ ಗುಡಿಸುವ ಹೆಂಗಸೊಬ್ಬಳಿಗೆ ಯಾವುದೋ ನಿಜವಾದ ಕಾರು ಗುದ್ದಿ ಹೋಗಿ ನಾಲ್ಕು ದಿನವಾಗಿತ್ತು. ಅದರ ಬಗ್ಗೆ ಮೇಲಿನಿಂದ ಒಂದು ಫೋನೂ ಬಂದಿರಲಿಲ್ಲ.

ಒಂಬತ್ತು ಐವತ್ತಕ್ಕೆ ಫೋನು ಬಂತು. ಮೇಲಧಿಕಾರಿಗಳದು.

"ಅವರು ನನ್ನ ಹಲ್ಲು ನೋಡೋ ಡಾಕ್ಟರು ಕಣ್ರೀ. ನಾಳೆಯೊಳಗೆ ಹಿಡೀಬೇಕು."

"ಆಗ್ಲಿ ಸರ್," ಎಂದು ಇನ್ಸ್‌ಪೆಕ್ಟರ್ ಫೋನು ಇಟ್ಟ. ಮೈಯೆಲ್ಲ ಉರಿದುಹೋಯಿತು. ಎಫ್‌ಐಆರ್ ಹಾಕಿಸಿ, ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತ ಜೀಪು ಹತ್ತಿದ.

ಹತ್ತು ನಲವತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಗಾಜಿನ ಕಪಾಟು ಒಡೆದಿರಲಿಲ್ಲ, ಬೀಗ ಕೀಲಿಯಿಂದಲೇ ತೆರೆದಿತ್ತು. ಅಕ್ಕಪಕ್ಕದ ಮೇಜುಗಳ ಮೇಲೆ ಬೇರೆಯವರ ಕಾರು, ಹಡಗು, ರೈಲುಗಳಿದ್ದವು. ಒಂದಕ್ಕೂ ಕೂದಲು ಕೊಂಕಿರಲಿಲ್ಲ. ಡಾಕ್ಟರ ಕಾರುಗಳನ್ನು ಮಾತ್ರ ಒಂದೊಂದಾಗಿ ಎತ್ತಿ, ಇಕ್ಕಳದಿಂದ ಹಿಸುಕಿ, ಮತ್ತೆ ಅದರದರ ಹೆಸರಿನ ಚೀಟಿಯ ಹಿಂದೆಯೇ ಸಾಲಾಗಿ ಇಟ್ಟಿದ್ದರು.

"ಕೋಪ ಬಂದೋನು ಎತ್ತಿ ಎಸೀತಾನೆ," ಎಂದ ಇನ್ಸ್‌ಪೆಕ್ಟರ್. "ಇದು ಕೂತು ಮಾಡಿದ ಕೋಪ."

ದಫೇದಾರ ಮುರಿದ ಸೀಟೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮೇಲೆ ಚರ್ಮದಂಥ ಕಂದು ಬಣ್ಣ, ಮುರಿದ ಜಾಗದಲ್ಲಿ ನಸುಗೆಂಪು. ಅವನು ಗೋಡೆಯ ಕಡೆ ತಿರುಗಿ, ಬಾಯಿಂದ ಕೆಳಗಿನ ಹಲ್ಲಿನ ಸೆಟ್ಟನ್ನು ತೆಗೆದು, ಕರ್ಚೀಫಿನ ಮೇಲೆ ಸೀಟಿನ ಪಕ್ಕದಲ್ಲಿಟ್ಟ.

"ಒಂದೇ ಮಾಲು ಫಾರ್," ಎಂದ ಬೊಚ್ಚುಬಾಯಲ್ಲಿ.

ಬೇರೆ ದಿನವಾಗಿದ್ದರೆ ಇನ್ಸ್‌ಪೆಕ್ಟರ್ ನಗುತ್ತಿದ್ದನೇನೋ. ಇವತ್ತು, "ಮೊದಲು ಅದನ್ನ ಒಳಗೆ ಹಾಕ್ಕೊಳ್ರೀ," ಎಂದು ಗದರಿದ. ಆದರೆ ಸೀಟನ್ನು ಜೋಪಾನವಾಗಿ ಕವರಿನಲ್ಲಿ ಹಾಕಿಸಿ ಪಂಚರ ಸಹಿ ತೆಗೆದುಕೊಂಡ.

ಹನ್ನೊಂದೂವರೆಗೆ ಅವನು ಡಾಕ್ಟರ ಕ್ಲಿನಿಕ್ಕಿನಲ್ಲಿದ್ದ.

"ಕಪಾಟಿನ ಕೀಲಿ ಎಷ್ಟಿವೆ?"

"ಎರಡು. ಒಂದು ನನ್ನ ಹತ್ರ, ಇನ್ನೊಂದು ಇಲ್ಲೇ ಗೋಡೆ ಮೊಳೆಗೆ ನೇತಾಕಿರುತ್ತೆ."

ಮೊಳೆ ಬೋಳಾಗಿತ್ತು.

"ಕಾರುಗಳ ಚಕ್ರದ ಕಡ್ಡಿ ಹೇಗೆ ಮಾಡಿದ್ರಿ?"

"ಹೇಗೆ ಅಂದ್ರೆ... ತಂತಿಯಿಂದ."

"ಒಂದು ಚಕ್ರಕ್ಕೆ ಎಷ್ಟು ಕಡ್ಡಿ?"

ಡಾಕ್ಟರ ಮುಖ ಕೆಂಪಾಯಿತು. "ದೂರು ಕೊಟ್ಟೋನು ನಾನು. ನನ್ನನ್ನೇ ವಿಚಾರಿಸ್ತೀರಾ?"

"ಹದಿನಾಲ್ಕು ವರ್ಷ ಕಟ್ಟಿದೋರಿಗೆ ಲೆಕ್ಕ ಬಾಯಲ್ಲೇ ಇರ್ಬೇಕಲ್ವಾ ಅಂತ ಕೇಳಿದೆ. ಹೋಗ್ಲಿ, ಇಲ್ಲಿ ಹಲ್ಲಿನ ಸೆಟ್ಟು ಕಟ್ಟೋರು ಯಾರು?"

"ಹಿಂದಿನ ರೂಮಲ್ಲಿ ಒಬ್ಬಳಿದಾಳೆ. ಇವತ್ತು ಬಂದಿಲ್ಲ. ಅವಳನ್ನ ಕೇಳಿ ಏನಾಗ್ಬೇಕು?"

ಒಬ್ಬಳು. ಹಾಜರಿ ಪುಸ್ತಕ ತೆಗೆಸಿ ನೋಡಿದರೆ ಆ ಒಬ್ಬಳು ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದಳು. ಕ್ಲಿನಿಕ್ಕಿನವರೆಲ್ಲ ಅವಳನ್ನು ಲ್ಯಾಬಕ್ಕ ಎನ್ನುತ್ತಿದ್ದರು. ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ಮೇಜಿನ ತುಂಬ ಸುಣ್ಣದ ಅಚ್ಚುಗಳು, ಮೇಣ, ಸಣ್ಣ ಸಣ್ಣ ಅರಗಳು. ಕೆಳಗಿನ ಡ್ರಾಯರಿನಲ್ಲಿ ರೂಲು ಹಾಕದ ಒಂದು ನೋಟ್‌ಪುಸ್ತಕ. ಹಾಳೆಹಾಳೆಗೂ ಬಾಗಿಲು, ಬಾನೆಟ್ಟು, ದೀಪಗಳ ಚಿತ್ರ, ಅಳತೆ. ಒಂದು ಕಡೆ ದುಂಡಗಿನ ಅಕ್ಷರದಲ್ಲಿ 'ಚಕ್ರಕ್ಕೆ ನಲವತ್ತೆಂಟು ಕಡ್ಡಿ, ಹಲ್ಲಿನ ಕ್ಲಿಪ್ಪಿನ ತಂತಿ' ಎಂದು ಬರೆದಿತ್ತು. ಇನ್ಸ್‌ಪೆಕ್ಟರ್ ಪುಸ್ತಕವನ್ನು ಡಾಕ್ಟರ ಮುಂದೆ ಎತ್ತಿ ಹಿಡಿದ. ಅವರು ಗಡಿಯಾರ ನೋಡಿಕೊಂಡರು.

ಭಾನುವಾರ ಸಂಜೆ ಆರು ಗಂಟೆಗೇ ಬೀಗ ಹಾಕಿದೆ ಎಂದು ಸಭಾಂಗಣ ಕಾಯುವ ಮುದುಕ ಬೆಳಿಗ್ಗೆ ಹೇಳಿದ್ದ. ಹನ್ನೆರಡೂಕಾಲಿಗೆ ದಫೇದಾರ ಅವನನ್ನು ಮತ್ತೆ ಕೂರಿಸಿಕೊಂಡ.

"ತಾತ, ಡಾಕ್ಟ್ರ ಕಡೆಯ ಹೆಂಗಸು ಎಷ್ಟೊತ್ತಿಗೆ ಬಂದ್ರು?"

ಮುದುಕನ ಕಣ್ಣು ನೆಲಕ್ಕಿಳಿಯಿತು. "ಆರೂವರೆಗೆ. ಪ್ಯಾಕ್ ಮಾಡೋದಿದೆ ಅಂದ್ರು, ಬಿಟ್ಟೆ. ಏಳೂಕಾಲಿಗೆ ಹೋದ್ರು. ಹೋಗ್ತಾ, 'ನಿಮಗೆ ತೊಂದ್ರೆ ಆದ್ರೆ ನನ್ನ ಹೆಸರು ಹೇಳ್ಬಿಡಿ' ಅಂದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ?" ಇನ್ಸ್‌ಪೆಕ್ಟರ್ ಸಿಡುಕಿದ.

"ಬಾಯಿ ಬರ್ಲಿಲ್ಲ ಸಾರ್. ನಿನ್ನೆ ಡಾಕ್ಟ್ರು ಮೈಕಲ್ಲಿ ಮಾತಾಡಿದ್ದನ್ನ ನೀವು ಕೇಳ್ಬೇಕಿತ್ತು. ಈಗ ಕಾಣೆಯಾಗಿರೋ ಆ ಕರೀ ಕಾರು ಇವರಪ್ಪನ ಕಾರಿನ ನಕಲಂತೆ. ಆ ನಿಜವಾದ ಕಾರನ್ನ ಕುಡುಕ ಡ್ರೈವರ್ ಒಬ್ಬ ಗೇಟಿಗೆ ಗುದ್ದಿ ಮಡ್‌ಗಾರ್ಡು ನೆಗ್ಗಿಸಿದ್ನಂತೆ. 'ಆ ಕುಡುಕ ಮಾಡಿದ ಗಾಯಾನ ಈ ಡಾಕ್ಟ್ರು ವಾಸಿ ಮಾಡಿದಾನೆ ನೋಡಿ' ಅಂದ್ರು. ಎಲ್ರೂ ಬಿದ್ದೂ ಬಿದ್ದೂ ನಕ್ರು. ಆಯಮ್ಮ ಹಿಂದೆ ಖಾಲಿ ಡಬ್ಬಿ ಹಿಡ್ಕೊಂಡು ನಿಂತಿದ್ರು. ಆ ಮುಖ ನೋಡಕ್ಕಾಗ್ಲಿಲ್ಲ."

ಮೂರು ಹತ್ತಕ್ಕೆ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು ಕರೆದುಕೊಂಡು ಹೋಗಿ ಲ್ಯಾಬಕ್ಕನ ಮನೆಯ ಬಾಗಿಲು ತಟ್ಟಿದರು. ಐವತ್ತರ ಆಸುಪಾಸಿನ, ಗಟ್ಟಿ ಬೆರಳುಗಳ ಹೆಂಗಸು ತಕ್ಷಣ ಬಾಗಿಲು ತೆಗೆದಳು. ಕೋಣೆಯ ಮೇಜಿನ ಮೇಲೆ ಕರೀ ಕಾರು ನಿಂತಿತ್ತು. ಎಡಗಡೆಯ ಮುಂದಿನ ಮಡ್‌ಗಾರ್ಡಿಗೆ ತುಂಬಿದ್ದ ಪುಟ್ಟಿಯನ್ನು ಕೆರೆದು ತೆಗೆದಿದ್ದಳು. ನೆಗ್ಗು ಎದ್ದು ಕಾಣುತ್ತಿತ್ತು.

"ಮಾಡಿದ್ದು ನಾನೇ," ಎಂದಳು. "ಕಟ್ಟಿದ್ದೂ ನಾನೇ. ಕಟ್ಟಿದೋಳಿಗೆ ಹಿಸುಕೋ ಹಕ್ಕಿಲ್ವಾ?"

"ಅವರ ಸಾಮಾನು, ಅವರು ಹೇಳಿ ಕಟ್ಟಿಸಿದ್ದು. ಹಕ್ಕು ಯಾರದ್ದು ಅಂತ ಕೋರ್ಟು ಹೇಳ್ಬೇಕಮ್ಮ, ನಾನಲ್ಲ. ಆ ಡ್ರೈವರ್ ನಿಮಗೆ ಏನಾಗ್ಬೇಕು?"

"ನಮ್ಮಪ್ಪ."

ಅವಳು ಅಳಲಿಲ್ಲ. ದನಿ ಮಾತ್ರ ಏರುತ್ತ ಹೋಯಿತು.

"ಗೇಟಿಗೆ ಗುದ್ದಿದ್ದು ಇದೇ ಡಾಕ್ಟ್ರು. ಆಗ ಅವರಿಗೆ ಹದಿನಾರು, ಲೈಸೆನ್ಸ್ ಇಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೀನಿ. ಹುಡುಗನಿಗೆ ಏಟು ಬೀಳುತ್ತೆ ಅಂತ ಅಪ್ಪ, 'ನಾನೇ ಗುದ್ದಿದೆ ಯಜಮಾನ್ರೇ' ಅಂದ್ರು. ಯಜಮಾನ್ರು 'ಕುಡಿದಿದ್ಯೇನೋ' ಅಂತ ಕೇಳಿದ್ರು. ಈ ಮಹಾನುಭಾವ ಹೌದು ಅಂತ ತಲೆಯಾಡಿಸ್ದ! ಅವತ್ತೇ ಕೆಲಸ ಹೋಯ್ತು. ಕುಡುಕ ಅಂತ ಹೆಸರು ಬಿದ್ದ ಮೇಲೆ ಯಾರೂ ಅಪ್ಪನ ಕೈಗೆ ಸ್ಟೀರಿಂಗ್ ಕೊಡ್ಲಿಲ್ಲ. ಸಾಯೋವರೆಗೂ ಮೂಟೆ ಹೊತ್ರು."

"ಅಂಥವರ ಹತ್ರಾನೇ ಇಪ್ಪತ್ತೆರಡು ವರ್ಷ ದುಡಿದ್ರಾ?"

"ಅವರಾಗೇ ಕರೆದು ಕೆಲಸ ಕೊಟ್ರು. ತಪ್ಪು ಮನಸ್ಸಲ್ಲಿ ಕೊರೀತಿದೆ, ಬಾಯಿಬಿಟ್ಟು ಹೇಳಕ್ಕಾಗ್ದೆ ಹೀಗೆ ಮಾಡ್ತಿದಾರೆ ಅಂದ್ಕೊಂಡಿದ್ದೆ. ಅದಕ್ಕೇ ಈ ಕಾರನ್ನ ನೆಗ್ಗು ಸಮೇತ ಕಟ್ಟಿ ಮುಂದಿಟ್ಟೆ, ನೋಡಿದ್ರೆ ಏನಾದ್ರೂ ಅಂತಾರೇನೋ ಅಂತ. ಚೆನ್ನಾಗಿ ಕಾಣಲ್ಲ, ಪುಟ್ಟಿ ತುಂಬು ಅಂದ್ರು. ತುಂಬಿದೆ. ನಿನ್ನೆ ಮೈಕ್ ಮುಂದೆ ಗೊತ್ತಾಯ್ತು ಸಾರ್, ಅವರಿಗೆ ನೆನಪೇ ಇಲ್ಲ. ತಾವು ಹೇಳಿದ ಸುಳ್ಳನ್ನ ತಾವೇ ನಂಬ್ಕೊಂಡು ಕೂತಿದಾರೆ."

ಮಹಿಳಾ ಕಾನ್‌ಸ್ಟೇಬಲ್ ಒಂದು ಲೋಟ ನೀರು ತಂದು ಅವಳ ಕೈಗಿಟ್ಟಳು. ಮೂರು ನಲವತ್ತಕ್ಕೆ ದಸ್ತಗಿರಿಯಾಯಿತು. ಕಾರು, ಇಕ್ಕಳ, ಕೀಲಿ ಮೂರನ್ನೂ ಜಪ್ತಿ ಪಂಚನಾಮೆಯಲ್ಲಿ ಬರೆದರು.

ಐದು ಗಂಟೆಗೆ ಡಾಕ್ಟರು ಠಾಣೆಗೆ ಬಂದರು. ಈ ಸಲ ಕೂತರು.

"ಭೇಷ್. ನನ್ನ ಕಾರು ಯಾವಾಗ ಸಿಗುತ್ತೆ? ಮುಂದಿನ ತಿಂಗಳು ಇನ್ನೊಂದು ಪ್ರದರ್ಶನ ಇದೆ."

"ಅದು ಸಾಕ್ಷ್ಯ. ಕೋರ್ಟಿಗೆ ಅರ್ಜಿ ಹಾಕ್ಕೊಳ್ಳಿ," ಎಂದ ಇನ್ಸ್‌ಪೆಕ್ಟರ್. "ಡಾಕ್ಟ್ರೇ, ಅವತ್ತು ಗೇಟಿಗೆ ಗುದ್ದಿದ್ದು ಯಾರು?"

"ಡ್ರೈವರು. ಎಲ್ರಿಗೂ ಗೊತ್ತಿರೋ ವಿಷಯ," ಎಂದರು ಡಾಕ್ಟರು. ರೆಪ್ಪೆ ಕೂಡ ಅಲುಗಲಿಲ್ಲ.

ಇನ್ಸ್‌ಪೆಕ್ಟರನ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಪಟ್ಟೆಂದು ಮುರಿಯಿತು. ಈ ಮನುಷ್ಯನ ಮೇಲೆ ಹಾಕಲು ಯಾವ ಪುಸ್ತಕದಲ್ಲೂ ಒಂದು ಕಲಮು ಇರಲಿಲ್ಲ. "ನೀವಿನ್ನು ಹೊರಡಿ," ಎಂದ. ಡಾಕ್ಟರು ಏನೋ ಹೇಳಹೋದರು. "ಹೊರಡಿ ಅಂದೆ!"

ಆರು ಗಂಟೆಗೆ ದಫೇದಾರ ಆರೋಪಿಯ ಸ್ವಇಚ್ಛಾ ಹೇಳಿಕೆ ಬರೆದು ಮುಗಿಸುವುದರಲ್ಲಿದ್ದ. ಒಂದು ಕಡೆ ತಡೆದು ಕೇಳಿದ, "ಸಾರ್, ಅವರಪ್ಪನ ವಿಷಯ ಕೇಸಿಗೆ ಬೇಕಾ?"

"ಬರೀರಿ. ಒಂದಕ್ಷರಾನೂ ಬಿಡ್ಬೇಡಿ."

ದಫೇದಾರ ಬರೆದ. 'ಸದರಿ ಆರೋಪಿಯ ತಂದೆಯವರು ಮದ್ಯಪಾನ ಮಾಡುತ್ತಿರಲಿಲ್ಲ. ಸದರಿ ವಾಹನವನ್ನು ಗೇಟಿಗೆ ಗುದ್ದಿಸಿದವರು ಅವರಲ್ಲವೆಂದು ಆರೋಪಿಯು ಕಣ್ಣಾರೆ ಕಂಡಿರುತ್ತಾರೆ.'

ಹಾಳೆಯನ್ನು ಲ್ಯಾಬಕ್ಕನ ಮುಂದಿಟ್ಟರು. ತನ್ನ ತಪ್ಪೊಪ್ಪಿಗೆಯನ್ನೆಲ್ಲ ಅವಳು ಮೇಲೆ ಮೇಲೆ ನೋಡಿಕೊಂಡು ಹೋದಳು. ಆ ಎರಡು ಸಾಲಿನ ಹತ್ತಿರ ಬಂದಾಗ ಬೆರಳಿಟ್ಟು, ತುಟಿ ಅಲುಗಿಸುತ್ತ, ಎರಡು ಸಲ ಓದಿದಳು. ಆಮೇಲೆ ಸಹಿ ಹಾಕಿದಳು.